ಮೂರು ಸಲ ಬಿದ್ದರೆ ಗಾಳಿ ಇಳಿಸಿ

ಫೆಬ್ರವರಿ 3, ಬೆಳಿಗ್ಗೆ

ತಂಗೀ, ಹೇಗಿದ್ದೀಯೆ? ನಿನ್ನ ಮಗಳು ಸಣ್ಣಿಯ ಸೊಂಟನೋವು ಇಳಿಯಿತೇ? ಅಳಿಯಂದಿರ ಕೆಮ್ಮು? ಅವರ ಪಿಳ್ಳೆಗೆ ಹಲ್ಲು ಬಂತೇ, ಇಲ್ಲಾ ಇನ್ನೂ ವಸಡಿನಲ್ಲೇ ನಗುತ್ತಿದೆಯೇ? ಇಲ್ಲಿ ನಿನ್ನ ಮಗ ಗುಂಡ ಚೆನ್ನಾಗಿದ್ದಾನೆ. ಊಟಕ್ಕೆ ಮಾತ್ರ ಹೊತ್ತುಗೊತ್ತಿಲ್ಲ. ನಾನೂ ಚೆನ್ನಾಗಿ—

ಇಲ್ಲಿ ಸುಳ್ಳು ಯಾಕೆ? ಇದು ಅಂಚೆಗೆ ಹೋಗುವುದಲ್ಲ. ಡೈರಿ. ಗುಂಡನ ಕಂಪನಿಯಲ್ಲಿ ಹೊಸ ವರ್ಷಕ್ಕೆ ಎಲ್ಲರಿಗೂ ಕೊಟ್ಟದ್ದು. ನಿನಗೆ ಹಾಕುವ ಕಾಗದದಲ್ಲಿ ಈಗ ನಾಲ್ಕೇ ಸಾಲು. ಅದೂ ಉಸಿರು ಬಿಗಿಹಿಡಿದು, ಒಂದೊಂದೇ ಅಕ್ಷರ. ಹೆಚ್ಚು ಬರೆದರೆ ಸಾಲಿನ ಕೊನೆ ಮುಟ್ಟುವಷ್ಟರಲ್ಲಿ ಅಕ್ಷರ ಇರುವೆಯಾಗುತ್ತದೆ. ನೀನು ನೋಡಿದ ಕೂಡಲೇ ಕಂಡುಹಿಡಿಯುತ್ತೀಯ. ಕಿವಿ ಹೋದ ಮೇಲೆ ನಿನ್ನ ಕಣ್ಣು ಬಹಳ ಚುರುಕು.

ನಿನ್ನ ಕಿವಿ ಹೋಗಿದ್ದಕ್ಕೇ ಅಲ್ಲವೇ ನಾನು ಅಕ್ಷರ ಕಲಿತದ್ದು. ಶಾಲೆಯಲ್ಲಲ್ಲ... ಅಂಗಡಿ ಬೋರ್ಡು, ಪೊಟ್ಟಣದ ಕಾಗದ. ಎದುರಿಗಿದ್ದಾಗ ಕೈಸನ್ನೆ, ದೂರವಿದ್ದಾಗ ಕಾಗದ. ಫೋನಿನಲ್ಲಿ ಗುಂಡ ನನ್ನ ಹೆಸರಲ್ಲಿ ಹೂವಿನ ಚಿತ್ರ ಕಳಿಸುತ್ತಾನಲ್ಲ, ಅದು ಮಾತಲ್ಲ.

ಬಲಗೈ ಹೆಬ್ಬೆರಳು ಕಣೇ. ಸುಮ್ಮನೆ ಕೂತಾಗ ತಾನಾಗಿ ಆಡುತ್ತದೆ. ಕಾಣದ ಕಾಳೊಂದನ್ನು ಉರುಳಿಸಿದ ಹಾಗೆ. ಡಾಕ್ಟರು ನಡುಕದ ರೋಗ ಅಂದರು, ನಿಧಾನವಾಗಿ ಹೆಚ್ಚುತ್ತದೆ ಅಂದರು. ಗುಂಡನಿಗೆ ಹೇಳಿಲ್ಲ. ಹೇಳಿದರೆ ಕುರ್ಚಿ ಹೋಗುತ್ತದೆ.

ಫೆಬ್ರವರಿ 11

ಕುರ್ಚಿ ಅಂದರೆ ಆಫೀಸಿನ ಕಿಟಕಿ ಪಕ್ಕದ್ದು. ದಿಂಬು ಹಾಕಿದ್ದು. ಅಲ್ಲಿ ಕೂತು ಗುಂಡನ ಕಂಪನಿ ಮಾಡಿದ ಆಟವನ್ನು ಫೋನಿನಲ್ಲಿ ಆಡುವುದು ನನ್ನ ಕೆಲಸ. ನಗಬೇಡ, ಸಂಬಳವಿದೆ.

ಆಟ ಹೀಗೆ: ಕೊಡೆ ಹಿಡಿದ ಹುಡುಗಿ. ತಾರಸಿಯಿಂದ ತಾರಸಿಗೆ ಹಾರಬೇಕು. ಗಾಳಿ ಬಂದಾಗ ಸರಿಯಾದ ಕ್ಷಣಕ್ಕೆ ಹೆಬ್ಬೆರಳು ಒತ್ತಿದರೆ ಕೊಡೆ ಬಿಚ್ಚುತ್ತದೆ, ಅವಳು ತೇಲುತ್ತಾಳೆ. ತಪ್ಪಿದರೆ ಬೀದಿಗೆ. ಗಾಳಿ ಜೋರಾದಷ್ಟೂ ಕಷ್ಟ, ಇಳಿದಷ್ಟೂ ಸುಲಭ. ತಿಂಗಳಿಗೊಂದು ಹೊಸ ಬೀದಿ, ಅಂದರೆ ಆಟದ ಹೊಸ ಹಂತ, ಸೇರಿಸುತ್ತಾರೆ.

ಶುರುವಿನಲ್ಲಿ ಗುಂಡ ನನ್ನ ಕೈಗೆ ಕೊಟ್ಟು ನೋಡಿದ್ದ. ಟೈಲರ್ ಅಂಗಡಿಯಲ್ಲಿ ಕಾಜ ಹೊಲಿದು ಹೊಲಿದು ಪಳಗಿದ ಬೆರಳು ನನ್ನದು, ಆದರೆ ಇಂಥ ಆಟ ಕಂಡದ್ದೇ ಮೊದಲು. ನಾನು ಬಿದ್ದ ಕಡೆ ಸುಲಭ ಮಾಡಿದ. ಒಂದೇ ಏಟಿಗೆ ದಾಟಿದ ಕಡೆ ಕಷ್ಟ ಮಾಡಿದ. ಆಟ ಹಿಡಿಯಿತು ನೋಡು! ಬಸ್ಸಲ್ಲಿ, ಆಸ್ಪತ್ರೆ ಬೆಂಚಲ್ಲಿ, ಎಲ್ಲಿ ನೋಡಿದರೂ ಕೊಡೆ ಹುಡುಗಿ. ಅಂದಿನಿಂದ ಆಫೀಸಿನ ಬಿಳಿ ಹಲಗೆಯ ಮೇಲೆ ಗುಂಡನ ಅಕ್ಷರದಲ್ಲಿ ಒಂದು ಸಾಲಿದೆ. ಯಾರೂ ಅಳಿಸುವಂತಿಲ್ಲ.

"ದೊಡ್ಡಮ್ಮ ಮೂರು ಸಲ ಬಿದ್ದರೆ ಗಾಳಿ ಇಳಿಸಿ."

ಒಂದು ವರ್ಷದಿಂದ ಬೀಳುತ್ತಲೇ ಇದ್ದೇನೆ. ಅವರು ಗಾಳಿ ಇಳಿಸುತ್ತಲೇ ಇದ್ದಾರೆ.

ಮಾರ್ಚ್ 2, ಸಂಜೆ

ಇವತ್ತು ಜಗಳ. ಗುಂಡನೂ ಗುಡುಗೂ. ಗುಡುಗು ಅಂದರೆ ಅವನ ಜೊತೆ ಕಂಪನಿ ಶುರು ಮಾಡಿದ ಹುಡುಗಿ. ದನಿ ಹಾಗಿದೆ, ಅದಕ್ಕೆ ಆ ಹೆಸರು. ನಿನಗೂ ಕೇಳಿಸೀತು.

"ಜನ ಏನ್ ಬರ್ದಿದಾರೆ ಓದು! 'ಇದು ಗಾಳಿಯಲ್ಲ, ಕೆಟ್ಟು ನಿಂತ ಫ್ಯಾನು.' 'ಹುಡುಗಿ ನಿದ್ದೆಗಣ್ಣಲ್ಲಿ ನಡೀತಾಳೆ.' ಮೊದಲಿಂದ ಆಡ್ತಿದ್ದೋರೆಲ್ಲ ಬಿಟ್ಟು ಹೋಗ್ತಿದಾರೆ."

"ಹೋಗ್ತಿರೋರು ಹಾರ್ಡ್‌ಕೋರ್ ಮಂದಿ, ಹಗಲೂ ರಾತ್ರಿ ಆಡೋರು. ಇರೋದು ಹಿಡಿಯಷ್ಟು, ಕೂಗಾಟ ಮಾತ್ರ ಊರಿಗಾಗೋಷ್ಟು. ನಮಗೆ ಕ್ಯಾಶುಯಲ್ ಆಗಿ ಆಡೋರು ಬೇಕು. ಬಸ್ ಬರೋವರೆಗೆ ಆಡೋರು."

"ಬಸ್ ಬರೋವರೆಗೆ ಆಡೋರಿಗೂ ಬೀಳೋ ಭಯ ಬೇಕು ಕಣೋ! ಇಲ್ದಿದ್ರೆ ಬಸ್ಸನ್ನೇ ನೋಡ್ತಾ ನಿಲ್ತಾರೆ. ಕಷ್ಟ ಮಾಡೋಣ. ಮನಸಿಟ್ಟು ಆಡೋರನ್ನ ವಾಪಸ್ ಕರೆಯೋಣ."

"ದೊಡ್ಡಮ್ಮ ಬೀಳ್ತಿದಾಳೆ. ಅವಳು ಬಿದ್ರೆ ಲಕ್ಷ ಜನ ಬೀಳ್ತಾರೆ. ಇಷ್ಟಾದ್ಮೇಲೂ ಕಷ್ಟ ಮಾಡು ಅಂತೀಯಲ್ಲ!"

ಇಬ್ಬರೂ ನನ್ನ ಕಡೆ ತಿರುಗಿದರು. ಬಲಗೈಯನ್ನು ಎಡಗೈ ಕೆಳಗೆ ತೂರಿಸಿದೆ. ಟೀ ಕುಡಿಯುವ ನೆಪ ಮಾಡೋಣವೆಂದರೆ ಲೋಟ ಗಲಗಲ ಅನ್ನುತ್ತದೆ.

ಮಾರ್ಚ್ 20

ಮಾತ್ರೆ ಶುರು. ನುಂಗಿದ ಮೇಲೆ ಸ್ವಲ್ಪ ಹೊತ್ತು ಬೆರಳು ನನ್ನ ಮಾತು ಕೇಳುತ್ತದೆ. ಇವತ್ತು ಆ ಹೊತ್ತಿನಲ್ಲೇ ಹೊಸ ಬೀದಿ ಕೈಗೆ ಬಂತು. ಸರಸರ ದಾಟಿಬಿಟ್ಟೆ.

ಗುಂಡ ಕುರ್ಚಿಯಿಂದ ನೆಗೆದ. "ನೋಡಿದ್ಯಾ ಗುಡುಗು? ಗಾಳಿ ಇಳಿಸಿದ್ದು ಸರಿ ಹೋಯ್ತು! ಇದೇ ಹದ!"

ಅವಳು ಮುಖ ಊದಿಸಿಕೊಂಡು ಹೊರಗೆ ಹೋದಳು. ಹದವೂ ಅಲ್ಲ ಎಂಥದೂ ಅಲ್ಲ. ಮಾತ್ರೆ. ನಾಲಿಗೆ ತುದಿಗೆ ಬಂತು... ನುಂಗಿಕೊಂಡೆ.

ಆ ಕುರ್ಚಿ ಬಿಟ್ಟರೆ ನನಗೇನಿದೆ ಹೇಳು. ಮನೆಯಲ್ಲಿ ಗೋಡೆ ನೋಡುತ್ತಾ ಕೂರುವುದೇ? ಅಲ್ಲಾದರೆ ನಾನು ಬಿದ್ದರೂ ಅದಕ್ಕೊಂದು ಬೆಲೆ.

ಜೂನ್ 6

ಎರಡೂವರೆ ತಿಂಗಳು ಇದನ್ನು ಮುಟ್ಟಲಿಲ್ಲ. ಬರೆಯುವಂಥದ್ದೇನೂ ಒಳ್ಳೆಯದಾಗಲಿಲ್ಲ.

ಚಿತ್ರ ಬರೆಯುವ ಇಬ್ಬರು ಕೆಲಸ ಬಿಟ್ಟರು. ಅವರ ಮೇಜಿನ ಮೇಲೆ ಈಗ ಒದ್ದೆ ಕೊಡೆಗಳನ್ನು ಇಡುತ್ತಾರೆ. ಗುಂಡ, ಗುಡುಗು ಮಾತು ಬಿಟ್ಟಿದ್ದಾರೆ. ಒಂದೇ ಕೋಣೆ, ನಡುವೆ ನಾನು. "ದೊಡ್ಡಮ್ಮ, ಅವನಿಗೆ ಹೇಳಿ, ಮೀಟಿಂಗಿಗೆ ಟೈಮಾಯ್ತು." "ದೊಡ್ಡಮ್ಮ, ಅವಳಿಗೆ ಹೇಳು, ನಂಗೂ ಗಡಿಯಾರ ಇದೆ." ತಿಂಗಳ ಕೊನೆಗೆ ಗುಡುಗು ಹೋಗುತ್ತಾಳಂತೆ. ಅವಳು ಹೋದರೆ ಬಾಗಿಲು ಹಾಕುವುದೊಂದೇ ಬಾಕಿ.

ಮನೆಗೆ ಬಂದು ಗುಂಡ ಊಟಕ್ಕೆ ಕೂತ. ತುತ್ತು ಎತ್ತಲಿಲ್ಲ. ಬಹಳ ಸಂಕಟವಾದಾಗ ಅವನು ಬಾಯಲ್ಲಿ ಮಾತಾಡುವುದಿಲ್ಲವಲ್ಲ, ನಿನ್ನ ಹತ್ತಿರ ಆಡುವ ಹಾಗೆ ಕೈಯಲ್ಲೇ ಆಡುತ್ತಾನೆ. ತೊಟ್ಟಿಲಲ್ಲಿ ಕಲಿತ ಮಾತು. ಕೈಯಲ್ಲೇ ಹೇಳಿದ: ಎಲ್ಲರೂ ಹೋಗಲಿ. ನೀನಿದ್ದೀಯಲ್ಲ. ನಿನ್ನ ಬೆರಳು ಸುಳ್ಳು ಹೇಳೋದಿಲ್ಲ.

ನಾನೂ ಕೈಯಲ್ಲೇ ಉತ್ತರ ಕೊಡಬೇಕಿತ್ತು. ಕೊಡಲಿಲ್ಲ. "ಊಟ ಮಾಡು, ಆರಿ ಹೋಗುತ್ತೆ" ಅಂದೆ, ಬಾಯಲ್ಲಿ.

ಅವನಿಗೆ ಗೊತ್ತಾಗಲಿಲ್ಲ. ಕೈ ಓದುತ್ತಲೇ ಬೆಳೆದ ಮಗು ಅದು. ವರ್ಷದಿಂದ ನನ್ನ ಪಕ್ಕ ನಿಂತು ಪರದೆಯನ್ನು ನೋಡುತ್ತಿದ್ದಾನೆ, ಕೈಯನ್ನಲ್ಲ.

ಜೂನ್ 8, ಮಧ್ಯಾಹ್ನ

ಮಾತ್ರೆ ತೆಗೆದುಕೊಳ್ಳದೆ ಆಫೀಸಿಗೆ ಹೋದೆ. ಗುಂಡ ಹೊರಗಿದ್ದ. ಗುಡುಗನ್ನು ಪಕ್ಕಕ್ಕೆ ಕರೆದೆ. ಹೆಬ್ಬೆರಳು ಮುಂದೆ ಚಾಚಿದೆ.

"ಹಿಡ್ಕೋ."

"ಏನ್ ದೊಡ್ಡಮ್ಮ? ಚುಚ್ಕೊಂಡ್ರಾ?"

"ಹಿಡ್ಕೊಂಡು ಸುಮ್ನಿರು."

ಹಿಡಿದಳು. ಅವಳ ಮುಷ್ಟಿಯೊಳಗೆ ಬೆರಳು ಗುಬ್ಬಿಮರಿಯಂತೆ ಒದ್ದಾಡಿತು. ಅವಳ ಮುಖ ನೋಡುನೋಡುತ್ತಾ ಇಳಿಯಿತು.

"ಯಾವಾಗಿಂದ?"

"ನೀವು ಗಾಳಿ ಇಳಿಸೋಕೆ ಶುರು ಮಾಡಿದಾಗಿಂದ."

ಅವಳು ಬಹಳ ಹೊತ್ತು ಬೆರಳು ಬಿಡಲಿಲ್ಲ. ಜಗಳದಲ್ಲಿ ಗೆದ್ದವಳು ಅವಳೇ. ಕುಣಿಯಬೇಕಿತ್ತು. ಮೂಗು ಒರೆಸಿಕೊಂಡಳು.

"ನಾನು ನಿಮ್ಮನ್ನ ಬೈಕೋತಿದ್ದೆ ದೊಡ್ಡಮ್ಮ. ಮನಸ್ಸಲ್ಲೇ."

"ಏನಂತ?"

"ಈ ಮುದುಕಿಗೆ ಕಣ್ಣೇ ಕಾಣಲ್ಲ ಅಂತ."

"ಕಣ್ಣು ಚೆನ್ನಾಗೇ ಇದೆ. ನಿನ್ನ ಹುಬ್ಬು ಒಂದು ಕಡೆ ಜಾಸ್ತಿ ಕಿತ್ತಿದ್ದೀಯ."

ನಕ್ಕಳು, ಅತ್ತಳು, ಎರಡೂ ಒಟ್ಟಿಗೆ. ಅಷ್ಟರಲ್ಲಿ ಗುಂಡ ಬಂದ. ಬಾಗಿಲಲ್ಲೇ ನಿಂತ. ಅವನಿಗೆ ಬಾಯಲ್ಲಿ ಹೇಳಲು ನನಗಾಗಲಿಲ್ಲ ತಂಗಿ. ಕೈ ಎತ್ತಿದೆ. ನನಗೆ ಕಾಯಿಲೆ, ಮಗಾ. ಇಷ್ಟೇ ಹೇಳಬೇಕಾಗಿದ್ದದ್ದು. ಕೈ ತೊದಲಿತು. ಮತ್ತೆ ಮೊದಲಿಂದ ಶುರು ಮಾಡಿದೆ. ಮತ್ತೆ ತೊದಲಿತು.

ಅರ್ಥವಾಯಿತು ಅವನಿಗೆ. ಮಾತು ಮುಗಿಯುವ ಮೊದಲೇ ಆಯಿತು. ಗೋಡೆಗೆ ಒರಗಿ ಹಾಗೇ ನೆಲಕ್ಕೆ ಕೂತ. ಆಮೇಲೆ ಕೈಯಲ್ಲಿ ಒಂದೇ ಮಾತು ಕೇಳಿದ: ಅಮ್ಮನಿಗೆ?

ಇಲ್ಲ, ಅಂದೆ. ಹೇಳಬೇಡ.

ಆಗಸ್ಟ್ 14

ಗುಡುಗು ಹೋಗಲಿಲ್ಲ. ಹಳೆಯ ಬೀದಿಗಳ ಗಾಳಿಯನ್ನು ಹುಡುಕಿ, ಗಾಳಿ ಇಳಿಸಿದ್ದ ಬೀದಿಗಳಿಗೂ ಅದನ್ನೇ ಬೀಸಿದರು. ಕಿಟಕಿ ಪಕ್ಕದ ಕುರ್ಚಿಗೆ ಈಗ ಸರದಿ ಮೇಲೆ ಜನ ಬರುತ್ತಾರೆ. ಒಬ್ಬ ಕಂಡಕ್ಟರ್, ಒಬ್ಬ ನರ್ಸು, ಮತ್ತೆ ಆ ಕೂಗಾಡುವ ಮಂದಿಯಲ್ಲಿ ಒಬ್ಬ. ಕಂಡಕ್ಟರ್ ಬಿದ್ದು "ಅಯ್ಯೋ ಹೋಯ್ತು!" ಅಂದ, ಇನ್ನೊಂದು ಸಲ ಅಂತ ತಾನೇ ಕೇಳಿ ಆಡಿದ. ಕೂಗಾಡುವವನು ಬಿದ್ದು ಕೆಟ್ಟ ಮಾತೊಂದು ಆಡಿ, ನನ್ನನ್ನು ನೋಡಿ ನಾಲಿಗೆ ಕಚ್ಚಿಕೊಂಡ. ಅವನೂ ಇನ್ನೊಂದು ಸಲ ಅಂದ. ಯಾರು ಕ್ಯಾಶುಯಲ್, ಯಾರು ಹಾರ್ಡ್‌ಕೋರ್, ನನಗಂತೂ ತಿಳಿಯಲಿಲ್ಲ. ಬಿಟ್ಟು ಹೋದವರು ಸ್ವಲ್ಪ ಸ್ವಲ್ಪವೇ ತಿರುಗಿ ಬರುತ್ತಿದ್ದಾರಂತೆ.

ಹಲಗೆಯ ಮೇಲಿನ ಸಾಲು ಮಾತ್ರ ಹಾಗೇ ಇತ್ತು. ಅದರ ಸುತ್ತ ಬರೆಯುತ್ತಾರೆ, ಅದನ್ನು ಮುಟ್ಟುವುದಿಲ್ಲ.

"ಅಳಿಸೋ" ಅಂದೆ.

"ಇರಲಿ ಬಿಡು ದೊಡ್ಡಮ್ಮ. ಅದೇನು ಜಾಗ ಕೇಳುತ್ತಾ?"

"ಇದ್ರೆ ನೀನು ಮತ್ತೆ ಇಳಿಸ್ತೀಯ. ನಂಗೊತ್ತು ನಿನ್ನ ಬುದ್ಧಿ."

ನಾನೇ ಎದ್ದು ಬಟ್ಟೆ ತೆಗೆದುಕೊಂಡೆ. ಎಷ್ಟು ವರ್ಷದ ಶಾಯಿ, ಸುಲಭಕ್ಕೆ ಹೋಗಲಿಲ್ಲ. ಕೈ ಬೇರೆ ಓಲಾಡುತ್ತಿತ್ತು. 'ದೊಡ್ಡಮ್ಮ' ಹೋಯಿತು. ಉಳಿದದ್ದು ಮಸಿಮಸಿಯಾಗಿ ಹಲಗೆ ತುಂಬ ಹರಡಿತು. ಯಾರೂ ಸಹಾಯಕ್ಕೆ ಬರಲಿಲ್ಲ. ಬರಬಾರದು ಅಂತ ಅವರಿಗೂ ತಿಳಿದಿತ್ತು.

ಈಗ ಗುಂಡ ನನ್ನ ಕೈ ನೋಡುವುದೇ ಇಲ್ಲ. ಮುಖವನ್ನೇ ನೋಡುತ್ತಾನೆ, ಬೇಕಾದ್ದಕ್ಕಿಂತ ಹೆಚ್ಚು.

ಸೆಪ್ಟೆಂಬರ್ 21

ಗುಡುಗು ಮನೆಗೆ ಬಂದಿದ್ದಳು. ಆಟದಲ್ಲಿ ಹೊಸದೊಂದು ಗುಂಡಿ ಇಟ್ಟಿದ್ದಾಳೆ, 'ಮೆಲುಗಾಳಿ' ಅಂತ. ಅದನ್ನು ಒತ್ತಿದರೆ ನನ್ನಂಥ ಕೈಯವರೂ ಆಡಬಹುದು.

ಆಡಿದೆ. ಕೊಡೆ ಹುಡುಗಿ ಬೀಳಲೇ ಇಲ್ಲ. ಒಂದು ತಾರಸಿ, ಎರಡು, ಮೂರು... ನಾನು ತಡವಾಗಿ ಒತ್ತಿದರೂ ಕಾಯುತ್ತಾಳೆ, ಮೊದಲೇ ಒತ್ತಿದರೂ ಕ್ಷಮಿಸುತ್ತಾಳೆ. ಬೀದಿ ಮುಗಿಯಿತು. ಗುಡುಗು ಚಪ್ಪಾಳೆ ತಟ್ಟಿದಳು.

"ಚೆನ್ನಾಗಿದೆ ಕಣಮ್ಮ. ಬೇಕಾದೋರಿಗೆ ಬೇಕಾಗುತ್ತೆ, ತೆಗೀಬೇಡ" ಅಂದೆ. "ನಂಗೆ ಮಾತ್ರ ಹಳೇ ಗಾಳೀನೇ ಹಾಕ್ಕೊಡು."

"ಅದರಲ್ಲಿ ಬೀಳ್ತೀರಲ್ಲ ದೊಡ್ಡಮ್ಮ..."

"ಬೀಳ್ತೀನಿ. ನಾನೂ ಹಾರ್ಡ್‌ಕೋರೇ."

ಎರಡನೆಯ ತಾರಸಿ ದಾಟಲು ಆಗುತ್ತಿಲ್ಲ. ದಿನವೂ ಅಲ್ಲೇ ಬೀಳುತ್ತೇನೆ. ಮೊದಲು ಅದೇ ಬೀದಿಯನ್ನು ನಿನಗೆ ಕಾಗದದಲ್ಲಿ ಏನು ಬರೆಯಲಿ ಅಂತ ಯೋಚಿಸುತ್ತಾ ದಾಟುತ್ತಿದ್ದೆ.

ನವೆಂಬರ್ 5, ಬೆಳಿಗ್ಗೆ

ನಿನ್ನ ಕಾಗದ ಬಂತು.

"ಅಕ್ಕಾ, ಈಚೆಗೆ ನಾಲ್ಕೇ ಸಾಲು ಬರೆಯುತ್ತೀಯ. ಒಂದೊಂದು ಅಕ್ಷರವೂ ಬಿಗಿದುಕೊಂಡು ಕೂತಿದೆ. ನಾನೇನು ತಪ್ಪು ಮಾಡಿದೆ? ಕೋಪವಿದ್ದರೆ ಬೈದಾದರೂ ಬರೆ."

ಅಯ್ಯೋ ಹುಚ್ಚಿ. ಕೋಪವಂತೆ.

ಗುಂಡ ಪಕ್ಕದಲ್ಲಿದ್ದ. "ನೀನು ಹೇಳು ದೊಡ್ಡಮ್ಮ, ನಾನು ಬರೀತೀನಿ" ಅಂದ. ಬೇಡ ಅಂದೆ. ನಿನ್ನ ಹತ್ತಿರ ಇನ್ನೊಬ್ಬರ ದನಿಯಲ್ಲಿ ಮಾತಾಡಿದವಳಲ್ಲ ನಾನು. ಸಹಾಯ ಮಾಡಬೇಕೆಂದಿದ್ದರೆ ಈ ಡೈರಿಯ ಹಾಳೆ ಕಿತ್ತುಕೊಡು ಅಂದೆ. ನನ್ನ ಕೈಯಲ್ಲಾದರೆ ಹರಿಯುತ್ತದೆ.

ಅದಕ್ಕೇ ಫೆಬ್ರವರಿಯಿಂದ ಇಲ್ಲಿವರೆಗಿನದು ಎಲ್ಲವೂ ನಿನಗೆ ಬರುತ್ತಿದೆ, ಇದೂ ಸೇರಿ. ಅಂಚೆಗೆ ಹೋಗುವುದಲ್ಲ ಅಂತ ಬರೆದದ್ದು. ಹೋಗಲಿ. ಮೊದಲ ಹಾಳೆಯ ಅಕ್ಷರ ನಿನಗೆ ಗುರುತು ಸಿಗುತ್ತದೆ. ಆಮೇಲಿನದು ಸಣ್ಣದಾಗುತ್ತಾ ಹೋಗಿದೆ, ಬೆಳಕಿನಲ್ಲಿ ಕೂತು ಓದು. ಅಳಬೇಡ. ಅತ್ತರೆ ಸಣ್ಣಿ ಹೆದರಿಕೊಳ್ಳುತ್ತಾಳೆ.

ಮಾತ್ರೆಯ ಬಲ ಇಳಿಯುತ್ತಾ ಬಂತು. ಸಾಲು ಕೆಳಗೆ ಜಾರುತ್ತಿದೆ, ಕಾಣುತ್ತಿದೆಯೇ? ಪಿಳ್ಳೆಯ ಹಲ್ಲಿನ ವಿಷಯ ನೀನು ಬರೆಯಲೇ ಇಲ್ಲ. ಎಲ್ಲ ಬರೆ. ಬೇಗ ಬರೆ ತಂಗಿ, ನನ್ನ ಕೈಯಿಂದಲೇ ಉತ್ತರ ಬರ—