ಜೋಡಿಗೆ ಚಾಚಿದ ಕೈ

ಕರಜಗಿ, 1954

ಅಂಬಾರಾಯ,

ನೀನು ಕಲಿತದ್ದು ಮರಾಠಿ ಸಾಲೆಯಲ್ಲಿ. ನಾನು ಬರೆಯುತ್ತಿರುವುದು ಕನ್ನಡದಲ್ಲಿ. ಹೇಗೂ ಇದನ್ನು ಕಳಿಸುವುದಿಲ್ಲ.

ಇವತ್ತು ವಾಗದರಿಯ ಕುಸ್ತಿ ಕಣದಲ್ಲಿ ನೀನು ಮುಷ್ಟಿಯಲ್ಲಿ ಕೆಂಪು ಮಣ್ಣು ಹಿಡಿದು, ಜೋಡಿ ಹುಡುಕುತ್ತ ಪೈಲವಾನರ ಸಾಲಿನ ಮುಂದೆ ಬಂದೆ. ಯಾರ ಅಂಗೈಗೆ ಮಣ್ಣು ಹಾಕುತ್ತೀಯೋ ಅವನೊಂದಿಗೆ ನಿನ್ನ ಕುಸ್ತಿ. ನಮ್ಮೂರ ತಾಲೀಮಿನಲ್ಲಿ, ಆ ಗರಡಿಮನೆಯಲ್ಲಿ, ನಾನೇ ನಿನಗೆ ಹೇಳಿಕೊಟ್ಟಿದ್ದೆ: "ಬೀಳೋವಂಗ ಇದ್ದಾವ್ನ ನೋಡಿ ಹಿಡೀಬೇಕೋ. ಹೆಸರು ಗೆದ್ದಾವಂದು." ಆ ಲೆಕ್ಕಕ್ಕೆ ಇವತ್ತು ನಿನಗೆ ತಕ್ಕವನು ನಾನೇ. ಒಂದೇ ತಾಲೀಮಿನವರು ಕಣದಲ್ಲಿ ಒಬ್ಬರೊಡನೊಬ್ಬರು ಕುಸ್ತಿ ಹಿಡಿಯಬಾರದೆಂಬ ಅಡ್ಡಿಯೂ ನೀನು ಸೋಲಾಪುರದ ತಾಲೀಮು ಸೇರಿದಾಗಲೇ ಹೋಯಿತು.

ನೀನು ನನ್ನ ಮುಂದೆ ನಿಂತೆ, ನಕ್ಕೆ, ಮುಂದೆ ಹೋಗಿ ಆ ಕೊಲ್ಹಾಪುರದ ದೈತ್ಯನ ಕೈಗೆ ಮಣ್ಣು ಹಾಕಿದೆ. ಅವನು ನಿನ್ನನ್ನು ಅಂಗಾತ ಕೆಡವಿದ. ಆದರೂ ಜನ ಹೆಗಲ ಮೇಲೆ ಹೊತ್ತದ್ದು ನಿನ್ನನ್ನು. ಆಮೇಲೆ ನಾನು ಒಬ್ಬ ಎಳಸು ಪೈಲವಾನನನ್ನು ಕೆಡವಿ ಗೆದ್ದವನ ಪಟಕಾ ತಲೆಗೆ ಸುತ್ತಿಸಿಕೊಂಡಾಗ ಅರ್ಧ ಕಣ ಖಾಲಿ.

ಮನೆಗೆ ಬಂದರೆ ನನ್ನ ಹೆಂಡತಿ ಮಲಕಮ್ಮ ಪಟಕಾದ ಕಡೆ ನೋಡಲೇ ಇಲ್ಲ.

"ಅಂಬಾರಾಯಣ್ಣ ಆ ಗುಡ್ಡದಂಥಾವನ ಕೂಡ ಹಿಡದಾನಂತಲ್ಲ, ಖರೇ ಏನ್ರಿ?"

"ಬಿದ್ದಾನ," ಎಂದೆ.

"ಬೀಳ್ಲಿ ಬಿಡ್ರಿ. ಹಿಡದಾನಲ್ಲ."

ಒಂದೇ ಮಾತು ಕೇಳಬೇಕಿತ್ತು. ನೀನು ನನ್ನ ಮುಂದೆ ನಿಂತಾಗ ನಾನು ಕೈ ಚಾಚಿದ್ದೆ. ಅದನ್ನು ನೋಡಿಯೇ ನಕ್ಕೆಯಾ?

ಸಾತಪ್ಪ