ಮುಚ್ಚಿಟ್ಟ ಮಳೆನೀರು

ಹೊಳೆಯ ನಡುಗಡ್ಡೆ, ಅಫಜಲಪುರ ತಾಲೂಕು
12-8-1981, ಬುಧವಾರ

ಚಿ. ಸೌ. ದ್ರೌಪದಿಗೆ ನಿನ್ನ ಅವ್ವ ಮಾಡುವ ಆಶೀರ್ವಾದ.

ಕಾಲಿನ ಬಾವು ಇಳಿದಿದೆಯೇ? ನಿನಗೆ ಒಂಬತ್ತು ತಿಂಗಳು ಹತ್ತಿದೆ, ಕೊಡ ಹೊರಬೇಡ ತಾಯಿ. ಮಟಕಿ ಊರಲ್ಲಿ ಬೀಗರೆಲ್ಲ ಕ್ಷೇಮವೆಂದು ತಿಳಿದಿದ್ದೇನೆ. ನಿನ್ನ ಅಪ್ಪನಿಗೆ ಮೊಣಕಾಲು ನೋವು, ಅಷ್ಟೇ.

ಇಲ್ಲಿ ಹೋದ ವಾರ ಒಂದೇ ಒಂದು ಸಂಜೆ ಮಳೆ ಬಂತು. ಆದರೆ ಮೇಲೆಲ್ಲೋ ಸುರಿದು ಭೀಮೆ ಏರಿದಳು. ಇದ್ದ ಒಂದು ಬಾವಿಗೂ ರಾಡಿ ನುಗ್ಗಿತು, ಮೌಲಾಲಿಯ ದೋಣಿ ನಿಂತಿತು. ಸುತ್ತ ಕಣ್ಣು ಹಾಯುವವರೆಗೆ ಕೆಂಪು ನೀರು, ಕುಡಿಯಲು ಒಂದು ಚರಿಗೆಯಿಲ್ಲ. ಕಟ್ಟಿಗೆಯೂ ತೊಯ್ದು ಕಾಸುವ ದಾರಿಯಿಲ್ಲ. ನಾವು ಹೊಳೆಯ ನೀರನ್ನೇ ಸೋಸಿ ಕುಡಿದೆವು. ಆ ಸಂಜೆ ಧೋತರ ಕಟ್ಟಿ ಹಿಡಿದ ಒಂದು ಕೊಡ ಮಳೆನೀರನ್ನು ಮಾತ್ರ ಜೋಳದ ಚೀಲಗಳ ಹಿಂದೆ ಮುಚ್ಚಿಟ್ಟೆ. ಈ ಶುಕ್ರವಾರ ನೀನು ಹೆರಿಗೆಗೆ ಇಲ್ಲಿಗೆ ಬರುವವಳು. ನಿನಗಾಗಿಯೇ ಇಟ್ಟೆ.

ಶನಿವಾರ ಪ್ಯಾರಿಬಿಯ ಸೊಸೆ ನಜಮುನ್ನಿಸಾ ಹೆತ್ತಳು. ಗಂಡುಕೂಸು. ನೀನು ಹುಟ್ಟಿದಾಗ ನಿನ್ನನ್ನು ಮೊದಲು ಕೈಯಲ್ಲಿ ಹಿಡಿದವಳೂ ಈ ಪ್ಯಾರಿಬಿಯೇ. ಬಂದು ನಮ್ಮ ಹೊಸ್ತಿಲಲ್ಲಿ ನಿಂತು, "ಅಕ್ಕಾ, ಬಾಣಂತಿಗಿ ಒಂದೀಟು ಛಲೋ ನೀರು ಅದಾವೇನ್ರಿ?" ಎಂದಳು. ನಾನು ಒಳಗೆ ಹೋಗಿ ಒಂದೇ ಚರಿಗೆ ತಂದು ಕೊಟ್ಟು, "ಇಷ್ಟ ಅದಾವ ನೋಡವಾ" ಎಂದೆ. ಅವಳು ನಂಬಿದಳು.

ಸೋಮವಾರ ನಜಮುನ್ನಿಸಾಳಿಗೆ ವಾಂತಿಭೇದಿ ಹತ್ತಿತು. ಆ ಚರಿಗೆ ಮುಗಿದ ಮೇಲೆ ಬಾಯಾರಿ ಹೊಳೆಯ ನೀರನ್ನೇ ಕುಡಿದಿದ್ದಳಂತೆ. ನಿನ್ನೆ ಮೌಲಾಲಿ ಜೀವದ ಹಂಗು ಬಿಟ್ಟು ಸೆಳವಿನಲ್ಲಿ ದೋಣಿ ಹಾಕಿ ಅವಳನ್ನು ಅಫಜಲಪುರದ ದವಾಖಾನೆಗೆ ಮುಟ್ಟಿಸಿದ. ಸಲೈನ್ ಹಚ್ಚಿದ್ದಾರೆ, ಜೀವಕ್ಕೆ ಭಯವಿಲ್ಲ ಎಂದು ಇಂದು ಬೆಳಿಗ್ಗೆ ಅವನೇ ಮರಳಿ ಬಂದು ಸುದ್ದಿ ಹೇಳಿದ. ಕೂಸು ಇಲ್ಲೇ ಅಜ್ಜಿಯ ಹತ್ತಿರ ಆಡಿನ ಹಾಲು ಕುಡಿಯುತ್ತಿದೆ.

ಸುದ್ದಿ ಕೇಳಿದ ಮೇಲೂ ನನಗೆ ಕೂರಲಾಗಲಿಲ್ಲ. ಕೊಡವನ್ನು ಹೊತ್ತು ಅವರ ಮನೆಗೆ ಹೋಗಿ ಇಳಿಸಿದೆ. ಪ್ಯಾರಿಬಿ ಮುಚ್ಚಳ ಸರಿಸಿ ನೋಡಿ, "ಅವತ್ತೂ ಇದ್ದವೇನ್ರಿ?" ಎಂದಳು. ನಾನು ಹೌದೆಂದೆ. ಬೈದಿದ್ದರೆ ಹಗುರಾಗುತ್ತಿತ್ತು. ಅವಳು ಒಂದು ಬಟ್ಟಲು ನೀರು ತೆಗೆದು ಕೂಸಿನ ಹಾಲಿಗೆ ಬೆರೆಸಿದಳು.

ನಿನ್ನ ಅತ್ತೆ ಮಾವಂದಿರಿಗೆ ಶರಣು ಹೇಳು. ನಿನಗೂ ಹೊಟ್ಟೆಯೊಳಗಿನ ಜೀವಕ್ಕೂ ಒಳಿತಾಗಲಿ.

ನಿನ್ನ ಅವ್ವ,
ಗುರುಶಾಂತಮ್ಮ

ತಾ.ಕ.: ಈ ಕಾಗದ ಒಯ್ಯಲು ಮೌಲಾಲಿ ದಂಡೆಯಿಂದ ಕೂಗುತ್ತಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಶುಕ್ರವಾರ ಅಪ್ಪ ಕರೆಯಲು ಬರುವುದಿಲ್ಲ, ನೀನು ಹೊರಡಬೇಡ. ಅವರ ಮನೆಯಿಂದ ನಾನು ಹೊರಬಂದಾಗ ಪ್ಯಾರಿಬಿಯೇ ಬಾಗಿಲವರೆಗೆ ಬಂದು ಹೇಳಿದಳು: "ನೀರು ಛಲೋ ಇಲ್ಲ, ಮಗಳನ್ನ ಇಲ್ಲಿ ಕರಸಬ್ಯಾಡ್ರಿ." ನಿನ್ನ ಅತ್ತೆಯನ್ನು ಕೇಳು, ಬಾಣಂತನಕ್ಕೆ ನಾನೇ ಮಟಕಿಗೆ ಬರಲೇ?