ನೀನು ಇಳಿದ ಹಳ್ಳದ ನೀರು

ಅಕ್ಕಾ,

ಆಸ್ಪತ್ರೆಯ ಹಿಂದಿನ ಹಳ್ಳದ ನೀರಿನ ಪರೀಕ್ಷೆ ಇವತ್ತು ಮುಗೀತು. ಹೋದ ವರ್ಷ ರಜೆಗೆ ಬಂದಿದ್ದಾಗ ನೀನು ಹಟ ಹಿಡಿದು ನನ್ನ ಜೊತೆ ಹೊರಟಿದ್ದೆಯಲ್ಲ, ಅದೇ ಹಳ್ಳ. ಅವತ್ತು ನೀರಿನ ಮಾದರಿ ತುಂಬೋ ಬಾಟಲಿ ನನ್ನ ಕೈಜಾರಿ ತೇಲಿಹೋಗ್ತಿತ್ತು. ನಾನು ಹೊಸ ಬೂಟು ನೋಡ್ಕೊಂಡು ನಿಂತೆ. "ನೀನು ಬೂಟಿಗೆ ಪೂಜೆ ಮಾಡ್ತಾ ಇರು ಮಹಾರಾಯ, ನಾನೇ ತರ್ತೀನಿ," ಅಂತ ನೀನು ಚಪ್ಪಲಿ ಬಿಟ್ಟು ಇಳಿದೆ. ನಿನ್ನ ಹಿಮ್ಮಡಿ ಒಡೆದಿರೋದು ನನಗೆ ಗೊತ್ತಿತ್ತು.

ಆಮೇಲೆ ಕಾಲು ಊದಿತು. ಡಾಕ್ಟರು ಒಂದಾದ ಮೇಲೊಂದು ಐದು ಔಷಧಿ ಬದಲಾಯಿಸಿದರು, ಒಂದೂ ನಾಟಲಿಲ್ಲ. ಹದಿನೇಳನೇ ದಿನ ನೀನು ಹೋದೆ.

ನಿನ್ನ ಚೀಟಿಯಲ್ಲಿದ್ದ ಅದೇ ಐದು ಔಷಧಿಗಳಲ್ಲಿ ಅದ್ದಿದ ಪುಟ್ಟ ಕಾಗದದ ಬಿಲ್ಲೆಗಳನ್ನ ಹಳ್ಳದ ಬ್ಯಾಕ್ಟೀರಿಯಾ ಹಚ್ಚಿದ ತಟ್ಟೆಯಲ್ಲಿಟ್ಟಿದ್ದೆ. ಔಷಧಿ ಕೆಲಸ ಮಾಡಿದರೆ ಬಿಲ್ಲೆಯ ಸುತ್ತ ಖಾಲಿ ಉಂಗುರ ಬೀಳುತ್ತೆ. ಬೆಳಿಗ್ಗೆ ನೋಡಿದರೆ ಯಾವುದರ ಸುತ್ತಲೂ ಉಂಗುರ ಇರಲಿಲ್ಲ. ಅಂಚಿನವರೆಗೂ ಒತ್ತೊತ್ತಾಗಿ ಬೆಳೆದಿತ್ತು. ನಿನ್ನನ್ನ ಕೊಂದಿದ್ದು ಇದೇ ಅನ್ನೋಕೆ ನನ್ನ ಹತ್ತಿರ ಸಾಕ್ಷಿ ಇಲ್ಲ.

ವರದಿ ಓದಿದ ಮೇಲಧಿಕಾರಿ ಕನ್ನಡಕ ತೆಗೆದು ಕೇಳಿದರು: "ಈ ನೀರಿಗೆ ಜನ ಇಳೀತಾರೇನ್ರೀ?"

"ಈಗ ಯಾರೂ ಇಳಿಯಲ್ಲ ಸಾರ್," ಅಂದೆ.

"ಸದ್ಯ, ಒಳ್ಳೇದಾಯ್ತು," ಅಂತ ರುಜು ಹಾಕಿ ಊಟಕ್ಕೆ ಕರೆದರು. ಹಸಿವಿಲ್ಲ ಅಂದೆ. ಎಲ್ಲರೂ ಎದ್ದುಹೋದ ಮೇಲೆ, ಅವರಿಗೆ ಹೇಳಬೇಕಾಗಿದ್ದನ್ನ ನಿನಗೆ ಬರೀತಿದ್ದೀನಿ.